ಐಟಿ ವಿಭಾಗಕ್ಕೆ ಮೂರು ವರ್ಷದ ಕಾರ್ಯತಂತ್ರ ಯೋಜನೆ: ಎಲ್ಲಿಂದ ಹಿಡಿಯೋದು?

ಮೂಲೆಮೇಜು
ಎಲ್ಲರಿಗೂ ನಮಸ್ಕಾರ. ಎರಡು ಕಾರ್ಖಾನೆ, ಕೆಲವು ಡಿಪೋ, ಒಂದು ಕೇಂದ್ರ ಕಚೇರಿ ಇರೋ ಕಂಪನಿಯಲ್ಲಿ ಐಟಿ ಮ್ಯಾನೇಜರ್ ನಾನು. ಹುದ್ದೆಗೆ ಬಂದು ಬಹಳ ದಿನ ಆಗಿಲ್ಲ. ಈಗ ಎಂಡಿ ಕರೆದು, ಮುಂದಿನ ಬೋರ್ಡ್ ಮೀಟಿಂಗಿಗೆ ಐಟಿ ವಿಭಾಗದ ಮೂರು ವರ್ಷದ ಸ್ಟ್ರಾಟೆಜಿಕ್ ಪ್ಲಾನ್ ಬೇಕು ಅಂದಿದ್ದಾರೆ.

ಹಿಂದಿನ ಮ್ಯಾನೇಜರ್ ಬಿಟ್ಟುಹೋದ ಪ್ಲಾನ್ ಸಿಕ್ಕಿತು. ದೊಡ್ಡ ಸ್ಲೈಡ್ ಕಟ್ಟು. ಕ್ಲೌಡ್, ಬಿಗ್ ಡೇಟಾ, ಬ್ಲಾಕ್‌ಚೈನ್ ಎಲ್ಲ ಇದೆ. ಯಾವುದೂ ಆಗಿಲ್ಲ, ಯಾಕೆ ಆಗಿಲ್ಲ ಅಂತ ಯಾರೂ ಕೇಳಿಯೂ ಇಲ್ಲ. ನನ್ನನ್ನೂ ಸೇರಿಸಿ ತಂಡದಲ್ಲಿ ಎಂಟು ಜನ. ಅರ್ಧ ದಿನ ಪಾಸ್‌ವರ್ಡ್ ರೀಸೆಟ್, ಪ್ರಿಂಟರ್, ಇಆರ್‌ಪಿ (ಬಿಲ್ಲಿಂಗ್, ಸ್ಟೋರ್ಸ್, ಲೆಕ್ಕ ಎಲ್ಲ ನಡೆಯೋ ಸಾಫ್ಟ್‌ವೇರ್) ರಿಪೋರ್ಟುಗಳಿಗೇ ಹೋಗುತ್ತೆ. ಒಬ್ಬರು ಸ್ವಾಟ್ (ಬಲ, ದೌರ್ಬಲ್ಯ, ಅವಕಾಶ, ಅಪಾಯದ ಪಟ್ಟಿ) ಮಾಡು ಅಂತಾರೆ, ಇನ್ನೊಬ್ಬರು ಕನ್ಸಲ್ಟೆಂಟ್ ಕರೆಸು ಅಂತಾರೆ. ಹಣಕಾಸು ಮುಖ್ಯಸ್ಥರು, ಅಂದ್ರೆ ಸಿಎಫ್‌ಓ, ಕೇಳೋದು ಒಂದೇ: "ಒಟ್ಟು ಎಷ್ಟಾಗುತ್ತೆ?" ಇಂಥದ್ದನ್ನ ಬರೆದು ಅನುಭವ ಇರೋರು ದಾರಿ ತೋರಿಸಿ. ಟೆಂಪ್ಲೇಟ್ ಇದ್ದರೆ ಅದೂ ಆಗಬಹುದು.

ರಾತ್ರಿಪಾಳಿ
ಹಳೇ ಸ್ಲೈಡಲ್ಲಿ ಬ್ಲಾಕ್‌ಚೈನ್ ಇರೋ ಕಡೆಯೆಲ್ಲ ಎಐ ಅಂತ ಬದಲಾಯಿಸಿ. ಪ್ಲಾನ್ ರೆಡಿ.

ಹಳೇಕೇಬಲ್
ನಗಬೇಡಿ, ಎಷ್ಟೋ ಕಡೆ ನಡೆಯೋದು ಅದೇ.

ಮೂಲೆಮೇಜು ಅವರೇ, ಟೆಂಪ್ಲೇಟನ್ನ ಮೊದಲು ಮುಟ್ಟಬೇಡಿ. ಅದರಲ್ಲಿ ದರ್ಶನ, ಧ್ಯೇಯ, ಮೌಲ್ಯ ಅಂತ ಖಾಲಿ ಜಾಗ ಬಿಟ್ಟಿರ್ತಾರೆ. ಅದನ್ನ ತುಂಬೋದ್ರಲ್ಲೇ ಟೈಮ್ ಹೋಗುತ್ತೆ. ಮೊದಲು ವಿಭಾಗಗಳ ಮುಖ್ಯಸ್ಥರ ಹತ್ರ ಒಬ್ಬೊಬ್ಬರಾಗಿ ಕೂತು ಮಾತಾಡಿ. "ಯಾವ ಸಾಫ್ಟ್‌ವೇರ್ ಬೇಕು" ಅಂತ ಮಾತ್ರ ಕೇಳಬೇಡಿ, ಕೇಳಿದ್ರೆ ಯಾವುದೋ ಎಕ್ಸಿಬಿಷನ್ನಲ್ಲಿ ನೋಡಿದ್ದನ್ನ ಹೇಳ್ತಾರೆ. ಮುಂದಿನ ಎರಡು ವರ್ಷದಲ್ಲಿ ನಿಮ್ಮ ಕಡೆ ಏನು ಬದಲಾಗುತ್ತೆ, ಹೊಸ ಲೈನ್ ಬರುತ್ತಾ, ಗ್ರಾಹಕರು ಸೆಕ್ಯುರಿಟಿ ಆಡಿಟ್ ಕೇಳ್ತಿದ್ದಾರಾ ಅಂತ ಕೇಳಿ. ತಿಂಗಳ ಕೊನೆಗೆ ಯಾವ ಕೆಲಸಕ್ಕೆ ಜನ ರಾತ್ರಿವರೆಗೆ ಕೂರ್ತಾರೆ ಕೇಳಿ. ಒಂದಿಡೀ ದಿನ ಸಿಸ್ಟಂ ಇಲ್ಲ ಅಂದ್ರೆ ಯಾವ ಕೆಲಸ ಕೈಬರಹದಲ್ಲಿ ನಡೆಯುತ್ತೆ, ಯಾವುದು ನಿಂತೇ ಹೋಗುತ್ತೆ, ಅದನ್ನಂತೂ ತಪ್ಪದೆ ಕೇಳಿ.

ಕಂಪನಿಯ ಬಿಸಿನೆಸ್ ಪ್ಲಾನೇ ಬರಹದಲ್ಲಿ ಇಲ್ಲದಿರಬಹುದು. ಹಾಗಿದ್ರೆ ನಿಮ್ಮ ಕಿವಿಗೆ ಬಿದ್ದದ್ದನ್ನೆಲ್ಲ "ನಾವು ಹೀಗೆ ಅಂದುಕೊಂಡಿದ್ದೇವೆ" ಅಂತ ಒಂದು ಹಾಳೆಗೆ ಇಳಿಸಿ ಎಂಡಿ ಹತ್ರ ಹೌದು ಅನ್ನಿಸಿಕೊಳ್ಳಿ. ಆ ಹಾಳೆ ಇಲ್ಲದೆ ಬರೆದದ್ದು ಐಟಿ ಪ್ಲಾನ್ ಅಲ್ಲ, ಖರೀದಿ ಪಟ್ಟಿ.

ಕೋಬಿಟ್‌ಕಾಕಾ
ಮಾತಾಡಿಸೋದು ಸರಿ. ಆದ್ರೆ ಚೌಕಟ್ಟಿಲ್ಲದೆ ಮಾತಾಡಿಸಿದ್ರೆ ಕೊನೆಗೆ ಕೈಗೆ ಸಿಗೋದು ದೂರುಗಳ ಮೂಟೆ. ಐಟಿ ಆಡಳಿತಕ್ಕೆ ಕೋಬಿಟ್ 2019 ಅನ್ನೋ ಚೌಕಟ್ಟು ನೋಡಿ, ಸೇವೆಗಳ ಮಟ್ಟಿಗೆ ಐಟಿಐಎಲ್ 4 ನೋಡಿ. ಅಳತೆಗೆ ಕ್ಯಾಪ್ಲನ್, ನಾರ್ಟನ್ 1992ರಲ್ಲಿ ಕೊಟ್ಟ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಇದೆ. ಹಣ, ಗ್ರಾಹಕ, ಒಳಗಿನ ಪ್ರಕ್ರಿಯೆ, ಕಲಿಕೆ ನಾಲ್ಕೂ ಕಡೆಯಿಂದ ನೋಡಿಸುತ್ತೆ. ಬೋರ್ಡಿನವರಿಗೆ ಪರಿಚಿತ ಭಾಷೆಯೂ ಹೌದು.

ರಾತ್ರಿಪಾಳಿ
ಕಾಕಾ, ಕೋಬಿಟ್ 2019ರಲ್ಲಿ 40 ಉದ್ದೇಶ ಇವೆ. ತಂಡದಲ್ಲಿ ಎಂಟು ಜನ. ತಲೆಗೆ ಐದು. ಪ್ರಿಂಟರ್ ಯಾರು ನೋಡೋದು?

ಕೋಬಿಟ್‌ಕಾಕಾ
ನಲವತ್ತನ್ನೂ ಮಾಡಿ ಅಂದೋರು ಯಾರಪ್ಪ? ಕಂಪನಿಯ ಗಾತ್ರ, ರಿಸ್ಕ್, ನಿಯಮಗಳನ್ನ ನೋಡಿ ಆರಿಸಿಕೊಳ್ಳೋಕೆ ಅಂತಲೇ ಅದರಲ್ಲಿ ಕ್ರಮ ಇದೆ. ರಿಸ್ಕ್, ಸೆಕ್ಯುರಿಟಿ, ಚೇಂಜ್ ಮ್ಯಾನೇಜ್‌ಮೆಂಟ್, ವೆಂಡರ್ ಇಷ್ಟನ್ನ ಹಿಡಿದ್ರೂ ಇವರ ಮಟ್ಟಕ್ಕೆ ಸಾಕು. ಓದದೆ ತಮಾಷೆ ಮಾಡೋದು ಸುಲಭ.

ಪ್ಯಾಚ್‌ಮಂಗಳವಾರ
ಚೌಕಟ್ಟು ಆಮೇಲೆ. ಮೊದಲು ಕ್ಯಾಲೆಂಡರ್ ತೆಗೀರಿ. ಬೋರ್ಡ್ ಒಪ್ಪಿದ್ರೂ ಒಪ್ಪದಿದ್ರೂ ಬಂದೇ ಬರೋ ದಿನಾಂಕಗಳನ್ನ ಗುರುತು ಹಾಕಿ. ವಿಂಡೋಸ್ 10 ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಎಸ್‌ಕ್ಯೂಎಲ್ ಸರ್ವರ್ 2016ರದ್ದು 2026ರ ಜುಲೈ 14. ವಿಂಡೋಸ್ ಸರ್ವರ್ 2016ರದ್ದು 2027ರ ಜನವರಿ 12. ಸರ್ವರ್ 2012 ಇನ್ನೂ ಎಲ್ಲಾದ್ರೂ ಓಡ್ತಿದ್ರೆ ಅದರ ಮಾಮೂಲು ಬೆಂಬಲ 2023ರ ಅಕ್ಟೋಬರಲ್ಲೇ ಹೋಗಿದೆ. ಇವಕ್ಕೆ ಫೈರ್‌ವಾಲ್, ಯುಪಿಎಸ್ ಬ್ಯಾಟರಿ, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ಲೈಸೆನ್ಸ್ ರಿನ್ಯೂವಲ್ ಸೇರಿಸಿ. ಮೂರು ವರ್ಷದ ಪ್ಲಾನಿನ ಅರ್ಧ ತಾನೇ ಬರೆದುಕೊಳ್ಳುತ್ತೆ.

ವಿಂಡೋಸ್ 10 ಇರೋ ಯಂತ್ರ ಎಲ್ಲಾ ತೆಗೀಲೇಬೇಕು, ಅದರಲ್ಲಿ ಚರ್ಚೆ ಇಲ್ಲ.

ಗಟ್ಟಿಡಿಸ್ಕ್
ಎಲ್ಲಾ ಅನಬ್ಯಾಡ್ರಿ ಸರ. ಕಾರ್ಖಾನಿ ಒಳಗ ಮಶೀನಿಗೆ ಕಟ್ಟಿದ ಪಿಸಿ ಇರ್ತಾವ, ಎಷ್ಟೋ ಕಡೆ ಅದ್ರಾಗ ಎಲ್‌ಟಿಎಸ್‌ಸಿ ಅಂತ ಬಾಳ ವರ್ಷ ಬೆಂಬಲ ಸಿಗೂ ಆವೃತ್ತಿ ಹಾಕಿರ್ತಾರ. ವಿಂಡೋಸ್ 10 ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2019ಕ್ಕ 2029ರ ಜನವರಿ ತನಕ ಬೆಂಬಲ ಐತಿ. ಉಳಿದ ಪಿಸಿಗೂ ರೊಕ್ಕಾ ಕಟ್ಟಿದ್ರ ಇಎಸ್‌ಯು ಅಂತ ಮೂರು ವರ್ಷ ಪ್ಯಾಚ್ ಕೊಡ್ತಾರ, ಆದ್ರ ವರ್ಷಾ ವರ್ಷಾ ದರ ಎರಡರಷ್ಟು ಆಗ್ತದ. ಮೊದ್ಲ ಆವೃತ್ತಿ ಏನೈತಿ ನೋಡ್ರಿ, ಆಮ್ಯಾಲೆ ತೀರ್ಪು ಕೊಡ್ರಿ.

ಪ್ಯಾಚ್‌ಮಂಗಳವಾರ
ಎಲ್‌ಟಿಎಸ್‌ಸಿ ಮಾತು ನಿಜ, ಒಪ್ಪಿದೆ. ಇಎಸ್‌ಯು ಮಾತ್ರ ಮುಂದೂಡೋಕೆ ಕಟ್ಟೋ ದಂಡ. ಅದನ್ನ ಪರಿಹಾರ ಅಂತ ಪ್ಲಾನಲ್ಲಿ ಬರೀಬೇಡಿ.

ಲೆಕ್ಕಪಕ್ಕಾ
ನಾನು ಫೈನಾನ್ಸ್ ಕಡೆಯವಳು, ಆ "ಎಷ್ಟಾಗುತ್ತೆ" ಗುಂಪಿಗೇ ಸೇರಿದವಳು. ನಮ್ಮನ್ನ ಬೈಯೋ ಮುಂಚೆ ಒಂದು ಮಾತು. ನಿಮ್ಮ ಸಿಎಫ್‌ಓಗೆ ಸಿಟ್ಟು ಬರೋದು ಮೊತ್ತ ನೋಡಿ ಅಲ್ಲ. ವರ್ಷದ ಮಧ್ಯೆ ಗೊತ್ತಿಲ್ಲದ ಬಿಲ್ ಬಂದಾಗ.

ಖರ್ಚನ್ನ ಮೂರು ಪಾಲು ಮಾಡಿ ತೋರಿಸಿ. ಇರೋದನ್ನ ನಡೆಸೋಕೆ ಎಷ್ಟು, ವ್ಯವಹಾರ ಬೆಳೆದಂತೆ ಹಿಗ್ಗಿಸೋಕೆ ಎಷ್ಟು, ಪೂರ್ತಿ ಹೊಸದು ಮಾಡೋಕೆ ಎಷ್ಟು. ಬಹುತೇಕ ಕಡೆ ಮೊದಲ ಪಾಲೇ ದೊಡ್ಡದು. ಅದು ಕಣ್ಣಿಗೆ ಬಿದ್ದ ಮೇಲೆ ಮಾತುಕತೆಯ ಧಾಟಿಯೇ ಬದಲಾಗುತ್ತೆ. ಕ್ಯಾಪೆಕ್ಸ್ (ಬಂಡವಾಳ ಖರ್ಚು), ಓಪೆಕ್ಸ್ (ನಡೆಸೋ ಖರ್ಚು) ಬೇರೆ ಮಾಡಿ. ಸರ್ವರ್ ಕೊಂಡ್ರೆ ಅದು ಆಸ್ತಿ, ಸವಕಳಿ ಹಾಕ್ತೀವಿ. ಕ್ಲೌಡಿಗೆ ಹೋದ್ರೆ ಅಷ್ಟೂ ಆ ತಿಂಗಳ ಖರ್ಚು. ಸೇವೆ ಒಂದೇ ಆದ್ರೂ ಲಾಭ-ನಷ್ಟದ ಹಾಳೆಯಲ್ಲಿ ಕಾಣೋದು ಬೇರೆ ಥರ. ಐಟಿಯವರು ಇದನ್ನ ಕೊನೇ ಗಳಿಗೆಯಲ್ಲಿ ಹೇಳ್ತಾರೆ.

ವೆಂಡರ್ ದರ ಇದ್ದ ಹಾಗೇ ಇರುತ್ತೆ ಅಂತಲೂ ನಂಬಬೇಡಿ. 2023ರ ನವೆಂಬರಲ್ಲಿ ಬ್ರಾಡ್‌ಕಾಮ್ ಕಂಪನಿ, ಒಂದೇ ಸರ್ವರಲ್ಲಿ ಹಲವು ಸರ್ವರ್ ಓಡಿಸೋ ಸಾಫ್ಟ್‌ವೇರ್ ಮಾಡೋ ವಿಎಂವೇರನ್ನ ಕೊಂಡಿತು. ಮರು ತಿಂಗಳೇ ಶಾಶ್ವತ ಲೈಸೆನ್ಸ್ ಮಾರೋದು ನಿಲ್ಲಿಸಿ ಚಂದಾಕ್ಕೆ ಬನ್ನಿ ಅಂತು. ಮೂರು ವರ್ಷಕ್ಕೆ ಒಂದೇ ಅಂಕಿ ಹಾಕಿಟ್ಟವರೆಲ್ಲ ಬಜೆಟ್ಟನ್ನ ಮತ್ತೆ ಬರೆದರು.

ಹಳೇಕೇಬಲ್
ಮೇಡಂ, ಇದನ್ನ ನಮ್ಮ ಸಿಎಫ್‌ಓಗೂ ಸ್ವಲ್ಪ ಹೇಳಿ. ಅವರಿಗೆ ಮೂರು ಪಾಲೂ "ಕಂಪ್ಯೂಟರ್ ಖರ್ಚು".

ಪ್ರಾಜೆಕ್ಟ್‌ಸಾಕಾಯ್ತು
ಎಲ್ಲರೂ ಹಣದ ಲೆಕ್ಕ ಹೇಳ್ತಿದ್ದೀರಿ, ಜನರ ಲೆಕ್ಕ ಯಾರೂ ಹೇಳ್ತಿಲ್ಲ ಮಾರಾಯ್ರೆ. ಪ್ಲಾನ್ ಸಾಯುವುದು ಅಲ್ಲಿಯೇ.

ರಜೆ ಎಲ್ಲ ಕಳೆದು ಒಬ್ಬರಿಗೆ ವರ್ಷಕ್ಕೆ 220 ದಿನ ಇಟ್ಟುಕೊಳ್ಳಿ. ಎಂಟು ಜನಕ್ಕೆ 1,760. ಅರ್ಧ ದಿನನಿತ್ಯದ ಕೆಲಸಕ್ಕೆ ಹೋಗ್ತದೆ ಅಂತ ನೀವೇ ಬರೆದಿದ್ದೀರಿ, ಅಲ್ಲಿಗೆ 880. ಆಡಿಟ್, ತರಬೇತಿ, ಹೇಳದೆ ಕೇಳದೆ ಬರುವ ತುರ್ತು ಅಂತ ಅದರಲ್ಲಿ ಇನ್ನೊಂದು ಕಾಲುಭಾಗ ತೆಗೆಯಿರಿ, ಉಳಿಯುವುದು 660. ಇದು ಒಂದು ವರ್ಷಕ್ಕೆ ನಿಮ್ಮ ಕೈಯಲ್ಲಿರುವ ಒಟ್ಟು ಬಂಡವಾಳ. ಒಬ್ಬರು ಕೆಲಸ ಬಿಟ್ಟರೆ ಇನ್ನೂ ಇಳಿಯಿತು, ಹೊಸಬರು ಬಂದು ಕೈಕುದುರುವವರೆಗೆ ಮತ್ತೂ ಇಳಿಯಿತು.

ಈಗ ಆ ಹಳೇ ಪ್ಲಾನ್ ತೆಗೆದು ಪ್ರತಿ ಪ್ರಾಜೆಕ್ಟಿನ ಎದುರು ಎಷ್ಟು ಆಳು-ದಿನ ಬೇಕು ಬರೆಯಿರಿ. ಹೊರಗಿನ ವೆಂಡರ್ ಮಾಡುವುದಾದರೂ ನಿಮ್ಮ ಜನ ಬೇಕು. ವಿಷಯ ಹೇಳಬೇಕು, ಡೇಟಾ ಸರಿ ಮಾಡಬೇಕು, ಟೆಸ್ಟ್ ಮಾಡಬೇಕು. ಕೂಡಿಸಿ ನೋಡಿ, ಎರಡೋ ಮೂರೋ ಸಾವಿರ ಬಂದರೆ ಆಶ್ಚರ್ಯ ಇಲ್ಲ. ಯಾಕೆ ಆಗಿಲ್ಲ ಅಂತ ಯಾರೂ ಕೇಳಿಲ್ಲ ಅಂದಿರಲ್ಲ, ಉತ್ತರ ಆ ಮೊತ್ತದಲ್ಲಿ ಉಂಟು.

ಹಾಗಾಗಿ ಪ್ಲಾನಿನಲ್ಲಿ "ಈ ಮೂರು ವರ್ಷ ಇವನ್ನು ಮಾಡುವುದಿಲ್ಲ" ಅಂತ ಒಂದು ಪುಟ ಇರಲೇಬೇಕು. ಹೆಸರು ಹಿಡಿದು, ಕಾರಣ ಸಮೇತ. ಯಾರಿಗಾದರೂ ಅದು ಬೇಕೇಬೇಕು ಅಂದರೆ ಮಾಡುವ ಪಟ್ಟಿಯಿಂದ ಏನು ತೆಗೆಯಬೇಕು ಅಂತ ಅವರೇ ಹೇಳಲಿ. ಬೋರ್ಡಿನಲ್ಲಿ ನಿಜವಾದ ಚರ್ಚೆ ಆಗುವುದು ಈ ಪುಟದ ಮೇಲೆ ಮಾತ್ರ, ಉಳಿದದ್ದಕ್ಕೆಲ್ಲ ತಲೆ ಆಡಿಸುತ್ತಾರೆ.

ರಾತ್ರಿಪಾಳಿ
ಈ ಕಾಮೆಂಟನ್ನ ಪಿನ್ ಮಾಡಿ ಯಾರಾದ್ರೂ.

ಹೊಸಲಾಗಿನ್
ಅರ್ಧ ದಿನ ಪಾಸ್‌ವರ್ಡ್ ರೀಸೆಟ್ಟಿಗೆ ಹೋಗ್ತಿದ್ರೆ ಮೊದಲ ಪ್ರಾಜೆಕ್ಟ್ ಸೆಲ್ಫ್ ಸರ್ವಿಸ್ ರೀಸೆಟ್ ಆಗಬೇಕಲ್ವಾ? ಆ 660 ಅನ್ನೋ ಸಂಖ್ಯೆಯೇ ದೊಡ್ಡದಾಗುತ್ತೆ.

ಪ್ರಾಜೆಕ್ಟ್‌ಸಾಕಾಯ್ತು
ನೂರಕ್ಕೆ ನೂರು. ಐಟಿಗೆ ಬರುವ ದೂರಿನ ಟಿಕೆಟ್‌ಗಳನ್ನ ವಿಂಗಡಿಸಿ ಯಾವುದು ಹೆಚ್ಚು ಬರ್ತದೆ ನೋಡಿ, ಮೇಲಿನ ನಾಲ್ಕೈದನ್ನ ಬೇರುಸಮೇತ ಕೀಳಿ. ಬೋರ್ಡಿಗೆ ಆಕರ್ಷಕ ಅಲ್ಲ, ಆದರೆ ಉಳಿದ ಎಲ್ಲದಕ್ಕೂ ಜಾಗ ಆಗುವುದು ಅದರಿಂದ.

ಮೂಲೆಮೇಜು
ಇಷ್ಟೊಂದು ಉತ್ತರ ನಿರೀಕ್ಷಿಸಿರಲಿಲ್ಲ. ಹಳೇಕೇಬಲ್ ಸಾರ್ ಹೇಳಿದ ಹಾಗೆ ಡಿಸ್ಪ್ಯಾಚಿನಿಂದ ಶುರು ಮಾಡಿದೆ. ಸಿಕ್ಕಿದ್ದು ಇದು, ನೀವೇ ನೋಡಿ.

ಗೇಟಿನ ಪಕ್ಕ ವೇಬ್ರಿಡ್ಜ್ (ಲಾರಿ ತೂಕ ಹಾಕೋ ಕಟ್ಟೆ) ಕೋಣೆಯಲ್ಲಿ ಒಂದು ಪಿಸಿ. ವಿಂಡೋಸ್ 7. ನಮ್ಮ ಅಸೆಟ್ ರಿಜಿಸ್ಟರಲ್ಲಿ ಇಲ್ಲ, ವೇಬ್ರಿಡ್ಜ್ ಹಾಕಿದವರೇ ಜೊತೆಗೆ ಕೊಟ್ಟಿದ್ದಂತೆ. ತೂಕ ತೋರಿಸೋ ಇಂಡಿಕೇಟರಿಂದ ಸೀರಿಯಲ್ ಕೇಬಲ್ ಬಂದು ಸಿಪಿಯು ಹಿಂದೆ ಸೇರಿದೆ, ಸ್ಕ್ರೂ ಇಲ್ಲ, ಇನ್ಸುಲೇಷನ್ ಟೇಪ್ ಸುತ್ತಿದ್ದಾರೆ. ತೂಕ ಒಂದು ಆಕ್ಸೆಸ್ ಡೇಟಾಬೇಸ್ ಫೈಲಿಗೆ ಬೀಳುತ್ತೆ. ಅಲ್ಲಿನ ಹುಡುಗ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದನ್ನ ಪೆನ್‌ಡ್ರೈವಿಗೆ ಹಾಕಿಕೊಂಡು ಬಿಲ್ಲಿಂಗಿಗೆ ತಗೊಂಡು ಹೋಗ್ತಾನೆ. ಬಿಲ್ಲಿಂಗಿನವರು ನೋಡಿಕೊಂಡು ಇಆರ್‌ಪಿಗೆ ಟೈಪ್ ಮಾಡ್ತಾರೆ. ಅಂದ್ರೆ ಕಾರ್ಖಾನೆಯಿಂದ ಹೊರಗೆ ಹೋಗೋ ಪ್ರತಿ ಲೋಡಿನ ಬಿಲ್ಲೂ ಆ ಪೆನ್‌ಡ್ರೈವಿನ ಮೇಲೆ ನಿಂತಿದೆ. ಹಿಂದಿನ ಪ್ಲಾನಲ್ಲಿ ವೇಬ್ರಿಡ್ಜ್ ಅನ್ನೋ ಪದವೇ ಇಲ್ಲ.

ಕಪ್ಪುಪರದೆ
ನಾನು ಸೆಕ್ಯುರಿಟಿಯವನು, ಓದಿ ಮೈ ಜುಂ ಅಂತು. ಆ ಪೆನ್‌ಡ್ರೈವ್ ಹೋಗಿ ಚುಚ್ಚೋದು ಇಆರ್‌ಪಿ ಇರೋ ಬಿಲ್ಲಿಂಗ್ ನೆಟ್‌ವರ್ಕಿಗೆ ತಾನೇ?

ಫೈಲುಗಳಿಗೆ ಬೀಗ ಹಾಕಿ ಹಣ ಕೇಳೋ ವಾನಾಕ್ರೈ ವೈರಸ್ 2017ರ ಮೇ ತಿಂಗಳಲ್ಲಿ ಹರಡಿದಾಗ ಅದನ್ನ ತಡೆಯೋ ಪ್ಯಾಚ್ ಮಾರ್ಚಲ್ಲೇ ಬಂದಿತ್ತು. ಬಿದ್ದವರಲ್ಲಿ ಬಹಳ ಮಂದಿ ಪ್ಯಾಚ್ ಹಾಕದ ವಿಂಡೋಸ್ 7 ಯಂತ್ರ ಇಟ್ಟುಕೊಂಡವರು. ಮರು ತಿಂಗಳು ನಾಟ್‌ಪೆಟ್ಯಾ ಅನ್ನೋ ಇನ್ನೊಂದು ವೈರಸ್ ಬಂದಾಗ ಮೇರ್ಸ್ಕ್ ಹಡಗು ಕಂಪನಿಯ ಡೊಮೇನ್ ಕಂಟ್ರೋಲರುಗಳು (ಯಾರು ಲಾಗಿನ್ ಆಗಬಹುದು ಅಂತ ನೋಡೋ ಸರ್ವರುಗಳು) ಒಂದು ಬಿಟ್ಟು ಎಲ್ಲಾ ಅಳಿಸಿಹೋದವು. ಉಳಿದ ಒಂದು ಘಾನಾ ದೇಶದ ಕಚೇರಿಯಲ್ಲಿತ್ತು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಅದು ಆಫ್‌ಲೈನ್ ಇತ್ತು, ಅದಕ್ಕೇ ಬಚಾವ್. ಕರೆಂಟ್ ಹೋಗಿದ್ದರಿಂದ ಉಳಿಯೋದು ಪ್ಲಾನ್ ಅಲ್ಲ, ಅದೃಷ್ಟ.

ಮೊದಲ ವರ್ಷದಲ್ಲಿ ಇಷ್ಟು ಇರಲಿ: ಪೂರ್ತಿ ಅಸೆಟ್ ಪಟ್ಟಿ, ಕಾರ್ಖಾನೆ ಮತ್ತು ಕಚೇರಿ ನೆಟ್‌ವರ್ಕ್ ಬೇರೆ ಬೇರೆ, ಅಡ್ಮಿನ್‌ಗಳಿಗೆ ಎಂಎಫ್‌ಎ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ದೃಢೀಕರಣ), ನೆಟ್‌ವರ್ಕಿಗೆ ಸಿಗದ ಹಾಗೆ ಒಂದು ಬ್ಯಾಕಪ್ ಪ್ರತಿ. ಬ್ಯಾಕಪ್ ಇದೆ ಅಂದ್ರೆ ಸಾಲದು, ರಿಸ್ಟೋರ್ ಮಾಡಿ ನೋಡಿದ ದಿನಾಂಕ ಬರೆದಿರಬೇಕು. 2017ರ ಜನವರಿ ಕೊನೆಗೆ ಕೋಡ್ ಇಡೋ ತಾಣ ಗಿಟ್‌ಲ್ಯಾಬ್‌ನಲ್ಲಿ ಡೇಟಾಬೇಸ್ ತಪ್ಪಿ ಅಳಿಸಿದಾಗ ಐದು ಥರದ ಬ್ಯಾಕಪ್ ವ್ಯವಸ್ಥೆಯಲ್ಲಿ ಒಂದೂ ಸರಿಯಾಗಿ ಕೈಗೆ ಬರಲಿಲ್ಲ, ಆರು ಗಂಟೆ ಹಳೇ ಪ್ರತಿಯಿಂದ ಎದ್ದರು. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದುಕೊಂಡಿದ್ದಾರೆ.

ಮೋಡಕವಿದ
ಎಲ್ಲಾ ಕ್ಲೌಡಿಗೆ ಹಾಕಿದ್ರೆ ಈ ಅರ್ಧ ತಲೆನೋವೇ ಇರಲ್ಲ. ಇನ್ನೂ ಸರ್ವರ್ ರೂಮ್ ಇಟ್ಟುಕೊಂಡು ಏನು ಮಾಡ್ತೀರೋ.

ಗಟ್ಟಿಡಿಸ್ಕ್
ವೇಬ್ರಿಡ್ಜ್ ಕ್ಲೌಡಿಗೆ ಹ್ಯಾಂಗ ಹಾಕ್ತೀರಿ, ಲಾರಿ ಸಮೇತ?

ಮೋಡಕವಿದ
ಇಆರ್‌ಪಿ ಬಗ್ಗೆ ಹೇಳಿದ್ದು ಸ್ವಾಮಿ.

ಲೆಕ್ಕಪಕ್ಕಾ
37 ಸಿಗ್ನಲ್ಸ್ ಅನ್ನೋ ಸಾಫ್ಟ್‌ವೇರ್ ಕಂಪನಿ 2022ರಲ್ಲಿ ಕ್ಲೌಡ್ ಬಿಟ್ಟು ಸ್ವಂತ ಸರ್ವರಿಗೆ ವಾಪಸ್ ಹೋಗ್ತೀವಿ ಅಂತ ಘೋಷಿಸಿತು, ಹೋಗಿಯೂ ಹೋಯಿತು. ಲೋಡ್ ಏರಿಳಿತ ಇಲ್ಲದಿದ್ರೆ ಬಾಡಿಗೆ ದುಬಾರಿ ಅನ್ನೋದು ಅವರ ಲೆಕ್ಕ. ಏರಿಳಿತ ಇದ್ದವರಿಗೆ ಉಲ್ಟಾ. ಎರಡೂ ಕಡೆ ಮೂರು ವರ್ಷದ ಲೆಕ್ಕ ಹಾಕಿ ತೋರಿಸಿ, ಅಷ್ಟೇ.

ಕಪ್ಪುಪರದೆ
2021ರ ಮಾರ್ಚಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿರೋ ಓವಿಎಚ್ ಕ್ಲೌಡ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಹೋಯಿತು. ಬೇರೆ ಕಡೆ ಬ್ಯಾಕಪ್ ಇಡದವರ ಡೇಟಾ ಅದರ ಜೊತೆಗೇ ಹೋಯಿತು. ಕ್ಲೌಡ್ ಅಂದ ಮಾತ್ರಕ್ಕೆ ಬ್ಯಾಕಪ್ ತಾನಾಗಿ ಬರಲ್ಲ.

ಮಾಡರೇಟರ್
ಕ್ಲೌಡ್ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ.

ಮೂಲೆಮೇಜು
ಎರಡು ಪ್ರಶ್ನೆ. ಇಆರ್‌ಪಿ ತುಂಬಾ ಹಳೇದು, ಬದಲಾಯಿಸೋಣ ಅಂತ ಬರೀಲಾ? ಇನ್ನೊಂದು, ಎಷ್ಟು ಹೊತ್ತು ಸಿಸ್ಟಂ ಇಲ್ಲದಿದ್ರೆ ನಡೆಯುತ್ತೆ ಅಂತ ಕೇಳಿದ್ರೆ ಎಲ್ಲಾ ವಿಭಾಗದವರೂ "ಒಂದು ನಿಮಿಷವೂ ಆಗಲ್ಲ" ಅಂತಿದ್ದಾರೆ.

ಹಳೇಕೇಬಲ್
ಎರಡನೇದು ಮೊದಲು. ಪುಕ್ಕಟೆ ಕೇಳಿದ್ರೆ ಎಲ್ಲರೂ ಸೊನ್ನೆಯೇ ಅನ್ನೋದು. ಲಭ್ಯತೆ, ಅಂದ್ರೆ ಸಿಸ್ಟಂ ಎದ್ದಿರೋ ಹೊತ್ತು, ಶೇಕಡಾ 99.9 ಅಂದ್ರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲ್ಲಬಹುದು, 99.99 ಅಂದ್ರೆ ಹೆಚ್ಚುಕಮ್ಮಿ 53 ನಿಮಿಷ. ಒಂದೊಂದಕ್ಕೂ ಪಕ್ಕದಲ್ಲಿ ಖರ್ಚು ಬರೆದು, ಅದು ಅವರ ವಿಭಾಗದ ಲೆಕ್ಕಕ್ಕೇ ಬೀಳುತ್ತೆ ಅಂತ ಹೇಳಿ ಮತ್ತೆ ಕೇಳಿ. ಸೊನ್ನೆ ಅಂದ ಎಚ್‌ಆರ್ "ನಾಳೆ ಬಂದ್ರೂ ಪರವಾಗಿಲ್ಲ" ಅಂತಾರೆ. ಡಿಸ್ಪ್ಯಾಚ್ ಮಾತ್ರ ಕದಲಲ್ಲ, ಕದಲಬಾರದು ಕೂಡ. ಎಷ್ಟು ಹೊತ್ತಿನ ಡೇಟಾ ಕಳಕೊಂಡ್ರೆ ಮತ್ತೆ ಟೈಪ್ ಮಾಡಬಲ್ಲಿರಿ ಅಂತಲೂ ಬೇರೆಯಾಗಿ ಕೇಳಿ. ಸಿಸ್ಟಂ ಎಷ್ಟು ಹೊತ್ತಲ್ಲಿ ಏಳಬೇಕು ಅನ್ನೋ ಆರ್‌ಟಿಓ ಬೇರೆ, ಎಷ್ಟು ಹೊತ್ತಿನ ಡೇಟಾ ಹೋದ್ರೆ ತಡಕೊಳ್ಳಬಹುದು ಅನ್ನೋ ಆರ್‌ಪಿಓ ಬೇರೆ.

ಪ್ಯಾಚ್‌ಮಂಗಳವಾರ
ಇಆರ್‌ಪಿ ಬದಲಾಯಿಸಿ, ಮುಂದೂಡಬೇಡಿ. 2022ರ ಡಿಸೆಂಬರಲ್ಲಿ ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಏನಾಯ್ತು ನೋಡಿ. ಚಳಿಗಾಲದ ಬಿರುಗಾಳಿ ಎಲ್ಲಾ ಕಂಪನಿಗೂ ಬಡೀತು, ಉಳಿದವರು ಬೇಗ ಎದ್ದರು. ಇವರ ಸಿಬ್ಬಂದಿ ನಿಯೋಜನೆಯ ಸಾಫ್ಟ್‌ವೇರ್ ಕೈಚೆಲ್ಲಿ 16,900 ವಿಮಾನ ರದ್ದು, ಇಪ್ಪತ್ತು ಲಕ್ಷ ಜನ ಅಲ್ಲಲ್ಲೇ. ಮರು ವರ್ಷ 14 ಕೋಟಿ ಡಾಲರ್ ದಂಡ. ನೌಕರರ ಸಂಘಗಳು ಅದಕ್ಕೂ ಎಷ್ಟೋ ಮುಂಚಿನಿಂದ ಹೇಳ್ತಲೇ ಇದ್ದವು.

ಪ್ರಾಜೆಕ್ಟ್‌ಸಾಕಾಯ್ತು
ಹೌದಾ? ಹಾಗಾದರೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕನ್ನೂ ನೋಡಿ. 2018ರ ಏಪ್ರಿಲಿನಲ್ಲಿ ಒಂದು ವಾರಾಂತ್ಯದಲ್ಲಿ ಎಲ್ಲವನ್ನೂ ಒಟ್ಟಿಗೆ ಹೊಸ ವ್ಯವಸ್ಥೆಗೆ ಎತ್ತಿ ಹಾಕಿದರು. ಹತ್ತೊಂಬತ್ತು ಲಕ್ಷ ಗ್ರಾಹಕರಿಗೆ ಖಾತೆ ಸಿಗಲಿಲ್ಲ. 2022ರ ಡಿಸೆಂಬರಿನಲ್ಲಿ ಅವರಿಗೂ ದಂಡ, 4.865 ಕೋಟಿ ಪೌಂಡ್. ಬದಲಾಯಿಸದೆ ಕೆಟ್ಟವರೂ ಉಂಟು, ಒಂದೇ ಏಟಿಗೆ ಬದಲಾಯಿಸಿ ಕೆಟ್ಟವರೂ ಉಂಟು. ಮೂಲೆಮೇಜು ಅವರ 660 ದಿನದಲ್ಲಿ ಇಆರ್‌ಪಿ ಬದಲಾವಣೆ ಹಿಡಿಸುತ್ತದಾ ಹೇಳಿ ಮೊದಲು.

ಪ್ಯಾಚ್‌ಮಂಗಳವಾರ
ಹಾಗಂತ ಬಿಟ್ಟುಬಿಡೋದಾ?

ಕೋಬಿಟ್‌ಕಾಕಾ
ನಡುವೆ ದಾರಿ ಇದೆ. ಮೊದಲ ವರ್ಷ ಮಾಸ್ಟರ್ ಡೇಟಾ (ಗ್ರಾಹಕರು, ಸರಕಿನ ಮೂಲ ಪಟ್ಟಿಗಳು) ಶುಚಿ ಮಾಡಲಿ. ಒಂದೇ ಗ್ರಾಹಕ ಮೂರು ಹೆಸರಲ್ಲಿ ಇರೋ ಡೇಟಾ ಯಾವ ಹೊಸ ಇಆರ್‌ಪಿಗೆ ಹಾಕಿದ್ರೂ ಅದೇ ಗೋಳು. ಎರಡನೇ ವರ್ಷ ಒಂದು ಕಾರ್ಖಾನೆ, ಒಂದು ಮಾಡ್ಯೂಲ್. ಗ್ರಾಹಕರ ಡೇಟಾಕ್ಕೆ ಸೇಲ್ಸ್ ಯಜಮಾನ, ಸರಕಿನ ಡೇಟಾಕ್ಕೆ ಸ್ಟೋರ್ಸ್ ಯಜಮಾನ ಅಂತ ಹೆಸರು ಬರೆದಿಡಿ. ಎಲ್ಲದಕ್ಕೂ ಐಟಿ ಯಜಮಾನ ಆದ್ರೆ ಎಲ್ಲಾ ತಪ್ಪೂ ಐಟಿದೇ.

ರಾತ್ರಿಪಾಳಿ
ಕಾಕಾ ಹೇಳಿದ್ದರಲ್ಲಿ ನನಗೆ ಒಪ್ಪಿಗೆಯಾದ ಮೊದಲ ಮಾತು. ದಿನಾಂಕ ಬರೆದಿಟ್ಟುಕೊಳ್ಳಿ.

ಹೊಸಲಾಗಿನ್
ಎಂಡಿ ಎಐ ಬಗ್ಗೆ ಒಂದು ಪುಟ ಬೇಕೇಬೇಕು ಅಂದ್ರೆ? ನಮ್ಮಲ್ಲಿ ಅದಿಲ್ಲದೆ ಪ್ಲಾನೇ ತೆಗೆದುಕೊಳ್ಳಲ್ಲ ಅಂದ್ರು.

ಕಪ್ಪುಪರದೆ
ಬರೀರಿ, ತಪ್ಪೇನಿಲ್ಲ. ಕಂಪನಿ ಕಾಗದಪತ್ರವನ್ನ ಯಾವ ಚಾಟ್‌ಬಾಟಿಗೆ ಹಾಕಬಹುದು, ಯಾವುದಕ್ಕೆ ಹಾಕಬಾರದು ಅನ್ನೋ ನಿಯಮ ಮೊದಲ ಪ್ಯಾರಾ. ಜನ ಆಗಲೇ ಹಾಕ್ತಿದ್ದಾರೆ, ಕೇಳಿ ನೋಡಿ. ಆಮೇಲೆ ಒಂದೇ ಒಂದು ಸಣ್ಣ ಪ್ರಯೋಗ, ಯಾವಾಗ ನಿಲ್ಲಿಸ್ತೀವಿ ಅನ್ನೋದನ್ನ ಮೊದಲೇ ಬರೆದು.

ಲೆಕ್ಕಪಕ್ಕಾ
ಬೋರ್ಡಿಗೆ ಎರಡು ಪುಟಕ್ಕಿಂತ ಹೆಚ್ಚು ಕೊಡಬೇಡಿ. ಹಿಂದೆ ಎಷ್ಟು ಬೇಕಾದ್ರೂ ಅನುಬಂಧ ಇರಲಿ. ಮೊದಲ ವರ್ಷಕ್ಕೆ ತಿಂಗಳ ಲೆಕ್ಕ, ಎರಡನೇದಕ್ಕೆ ತ್ರೈಮಾಸಿಕ, ಮೂರನೇದಕ್ಕೆ ದಿಕ್ಕು ಮಾತ್ರ. ಮೂರನೇ ವರ್ಷದ ಅಂಕಿಯನ್ನ ಪೈಸೆವರೆಗೆ ಬರೆದು ತಂದ್ರೆ ನನಗೆ ಮೊದಲ ವರ್ಷದ ಮೇಲೂ ಅನುಮಾನ ಬರುತ್ತೆ. ಮೂರು ತಿಂಗಳಿಗೊಮ್ಮೆ ಪರಿಶೀಲನೆಗೆ ದಿನ ಈಗಲೇ ಹಾಕಿಸಿ.

ಮೂಲೆಮೇಜು
"ಮಾಡುವುದಿಲ್ಲ" ಪುಟಕ್ಕೆ ಎಂಡಿ ಸಹಿ ಹಾಕಿಸಬೇಕಾ? ಕೇಳೋಕೇ ಮುಜುಗರ.

ಹಳೇಕೇಬಲ್
ಸಹಿ ಕೇಳಬೇಡಿ, ಜಗಳಕ್ಕೆ ಬಂದ ಹಾಗಾಗುತ್ತೆ. ಮೀಟಿಂಗಿನಲ್ಲಿ ಓದಿ, ನಡಾವಳಿಯಲ್ಲಿ ದಾಖಲಾಗೋ ಹಾಗೆ ನೋಡಿಕೊಳ್ಳಿ. ಕಂಪನಿ ಸೆಕ್ರೆಟರಿ ಹತ್ರ ಮುಂಚೆಯೇ ಮಾತಾಡಿರಿ.

ಗಟ್ಟಿಡಿಸ್ಕ್
ಮೂಲೆಮೇಜು ಸರ, ಪ್ಲಾನ್ ಬೋರ್ಡಿಗೆ ಹೋಗೂದ್ರೊಳಗ ಆ ಪೆನ್‌ಡ್ರೈವ್ ತಪ್ಪಿಸಬಹುದು. ಇಂಡಿಕೇಟರಿಗೆ ಸೀರಿಯಲ್ ಟು ಈಥರ್ನೆಟ್ ಕನ್ವರ್ಟರ್ ಹಾಕ್ರಿ, ತೂಕ ಸೀದಾ ನೆಟ್‌ವರ್ಕಿಗೆ ಬರ್ತದ, ಓದಿ ಇಆರ್‌ಪಿಗೆ ಕೊಡಾಕ ಸಣ್ಣ ಪ್ರೋಗ್ರಾಮ್ ಸಾಕು. ವಿಂಡೋಸ್ 7 ಪಿಸಿನೂ ಹೋತು.

ಮೂಲೆಮೇಜು
ಹೌದಾ? ಒಂದು ತರಿಸಿ ನೋಡಿದೆ, ಕಸಕಡ್ಡಿ ಅಕ್ಷರ ಬರ್ತಿದೆ. ಡೇಟಾ ಬರೋ ವೇಗ (ಬಾಡ್ ರೇಟ್) 9600 ಇಟ್ಟಿದ್ದೀನಿ.

ಗಟ್ಟಿಡಿಸ್ಕ್
ಬಾಡ್ ರೇಟ್ 2400 ಇಟ್ಟು ನೋಡ್ರಿ, ಹಳೇ ಇಂಡಿಕೇಟರ್ ಬಾಳ ಅದ್ರಾಗ ಇರ್ತಾವ. ಆಗ್ಲಿಲ್ಲಂದ್ರ ಪ್ಯಾರಿಟಿ (ತಪ್ಪು ಹಿಡಿಯೂ ಸೆಟ್ಟಿಂಗ್) ಬದಲಿ ಮಾಡ್ರಿ. ಇಂಡಿಕೇಟರ್ ಹಿಂದಿನ ಲೇಬಲ್ ಫೋಟೋ ಹಾಕ್ರಿ, ನೋಡೂಣು.